ಅಗಸಿ ತೆಗೆದವರು ಯಾರೂ ಇರಲಿಲ್ಲ

ನಾನು ನಾಲ್ಕನೇ ತರಗತಿಯ ಮಕ್ಕಳಿಗೆ ಇತಿಹಾಸವೆಂದು ಒಂದು ಸುಳ್ಳು ಹೇಳಿದೆ. ತಪ್ಪಾಗಿ ತಿಳಿದು ಹೇಳಿದ್ದಲ್ಲ, ಮರೆತು ಹೇಳಿದ್ದಲ್ಲ — ಹಿಂದಿನ ಸಂಜೆ ಸ್ಟವ್ ಮುಂದೆ ಕೂತು, ಅನ್ನ ಬೇಯುವಷ್ಟರಲ್ಲಿ ಕಟ್ಟಿದ ಸುಳ್ಳು. ಅದನ್ನು ಒಂದು ಮನೆತನ ಇಪ್ಪತ್ತು ಚಿಲ್ಲರೆ ವರ್ಷ ಹೊತ್ತುಕೊಂಡು ಬಂತು. ನಾನು ಪೆನ್ಶನ್ ತೆಗೆದುಕೊಳ್ಳುತ್ತ ಇಳಕಲ್ಲಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆರಾಮ ಇದ್ದೇನೆ. ಆರಾಮ ಎಂದು ಕೇಳಿದವರಿಗೆ ಹೇಳುತ್ತೇನೆ, ಕೇಳುವವರೂ ಹೆಚ್ಚಿಲ್ಲ.

ಅದು ಹುನಗುಂದ ತಾಲ್ಲೂಕಿನ ಒಂದು ಹಳ್ಳಿ, ನಾನು ಅಲ್ಲಿಯ ಶಾಲೆಯ ಅಕ್ಕೋರು, ಅಂದರೆ ಟೀಚರು. ಹೆಸರು ಹೇಳುವುದಿಲ್ಲ, ನಾನು ಈಗಾಗಲೇ ಹಚ್ಚಿದ ಮಸಿ ಸಾಕು. ನನ್ನ ತವರು ಬಾದಾಮಿ. ಬಾದಾಮಿಯಲ್ಲಿ ಹುಟ್ಟಿದವರಿಗೆ ಒಂದು ಜಂಬ — ಕಾಲು ಎಡವಿದರೆ ಇತಿಹಾಸ. ಈ ಊರಲ್ಲಿ ಎಡವಿದರೆ ಬರೀ ಕಲ್ಲು. ಹಳೆಯದೆಂದು ತೋರಿಸಲು ಇದ್ದದ್ದು ಮುರುಕಲು ಅಗಸಿ ಒಂದೇ. ಊರ ಹೆಬ್ಬಾಗಿಲು ಅನ್ನಬೇಕು, ಆದರೆ ಬಾಗಿಲು ಯಾವಾಗಲೋ ಹೋಗಿ ಕಲ್ಲಿನ ಕಮಾನು ಮಾತ್ರ ಉಳಿದಿತ್ತು. ಅದಕ್ಕೆ ಆತುಕೊಂಡ ಹಾಗೆ ಒಂದು ಮನೆ. ಆ ಮನೆಯವರ ಅಡ್ಡಹೆಸರೇ ಅಗಸಿಮನಿ. ಅವರ ಮಗಳು ಶಂಕ್ರವ್ವ ನನ್ನ ತರಗತಿಯಲ್ಲಿದ್ದಳು.

ಆ ಮನೆಯ ಅನ್ನ ನಾನು ಉಂಡಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಒಬ್ಬಳೇ ಹೆಂಗಸು ಬಾಡಿಗೆ ಕೋಣೆಯಲ್ಲಿ ಇದ್ದರೆ ಊರು ಮರ್ಯಾದೆ ಕೊಡುತ್ತದೆ, ಹತ್ತಿರ ಬರುವುದಿಲ್ಲ. ಸಂಜೆ ಐದಕ್ಕೆ ಶಾಲೆಗೆ ಕೀಲಿ ಬಿದ್ದರೆ ಮರುದಿನ ಪ್ರಾರ್ಥನೆಯ ತನಕ ನನ್ನ ಹೆಸರು ಹಿಡಿದು ಕರೆಯುವವರಿಲ್ಲ. ಶಂಕ್ರವ್ವನ ಅಪ್ಪ ಸಂಗಪ್ಪ ಮಾತ್ರ ಎಳ್ಳಮಾವಾಸ್ಯೆ ಹಬ್ಬಕ್ಕೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಮಗಳ ಕೈಯಲ್ಲಿ ಕಟ್ಟಿ ಕಳಿಸುತ್ತಿದ್ದ. ಅವರ ಮನೆ ಶಾಲೆಗೆ ಹತ್ತಿರವಾದ್ದರಿಂದ ಶಾಲೆಯ ಕೀಲಿಯೂ ಅವರಲ್ಲೇ ಇರುತ್ತಿತ್ತು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಶಂಕ್ರವ್ವ ಬಾಗಿಲು ತೆಗೆಯುತ್ತಿದ್ದಳು. ಅವಳಿಗೆ ಅದೊಂದು ದೊಡ್ಡ ಸಂಭ್ರಮ.

ಆ ವರ್ಷ ಇನ್‌ಸ್ಪೆಕ್ಟರ್ ಸಾಹೇಬರು ನನ್ನ ಪಾಠ ನೋಡಲು ಬರುತ್ತಾರೆಂದು ಸುದ್ದಿ ಬಂತು. ವಿಷಯ — ನಮ್ಮ ಊರಿನ ಇತಿಹಾಸ. ನಾನು ಗುಡಿಯ ಕಟ್ಟೆಗೆ ಹೋಗಿ ಹಿರಿಯರನ್ನು ಕೇಳಿದೆ. ಅವರು ನಕ್ಕರು.

"ಯಾವ ಕಾಲದ್ದೋ ಏನೋ ಅಕ್ಕೋರ, ನಮ್ಮ ಮುತ್ಯಾನ ಕಾಲಕ್ಕೂ ಅದು ಹಿಂಗ ಬಿದ್ದಿತ್ತಂತ."

ಇಷ್ಟನ್ನೇ ಮಕ್ಕಳಿಗೆ ಹೇಳಬಹುದಿತ್ತು. ಅಗಸಿಯ ಕೆಳಗೆ ಕೂರಿಸಿ, ಇದನ್ನು ಕಟ್ಟಿದವರು ಯಾರೋ ನಮಗೆ ತಿಳಿಯದು, ನೀವು ದೊಡ್ಡವರಾಗಿ ಹುಡುಕಿರಿ ಎನ್ನಬಹುದಿತ್ತು. ಆದರೆ ಸಾಹೇಬರ ಎದುರು ತಿಳಿಯದು ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಬಾದಾಮಿಯವಳಲ್ಲವೇ — ಇತಿಹಾಸ ಇಲ್ಲದಿದ್ದರೆ ಮಾಡಿದರಾಯಿತು ಅಂದುಕೊಂಡೆ.

ಮಾಡಿದೆ. ಒಂದಾನೊಂದು ಕಾಲದಲ್ಲಿ ಶತ್ರುಗಳು ಕುದುರೆ ಏರಿ ಬಂದು ನಮ್ಮ ಊರನ್ನು ಮುತ್ತಿದರು. ಊರವರು ಅಗಸಿ ಮುಚ್ಚಿಕೊಂಡು, ಹೆಂಗಸರು ಖಾರದ ನೀರು ಕಾಸಿ ಸುರಿದು, ಎಷ್ಟೋ ದಿನ ಕಾದಾಡಿದರು. ಶತ್ರುಗಳು ಸೋತು ತಿರುಗಬೇಕು ಅನ್ನುವಾಗ ಒಬ್ಬ ಬಂಗಾರದ ಆಸೆಗೆ ಒಳಗಿನಿಂದ ಅಗುಳಿ ಸರಿಸಿದ. ಊರು ಬಿತ್ತು. ಮಕ್ಕಳು ಉಸಿರು ಬಿಗಿ ಹಿಡಿದು ಕೇಳಿದರು. ಹಿಂದಿನ ಬೆಂಚಿನಲ್ಲಿ ಸಾಹೇಬರೂ ಕೈಕಟ್ಟಿ ಕೂತು ಕೇಳಿದರು.

ಒಂದು ವಿಷಯದಲ್ಲಿ ನಾನು ಭಾಳ ಜಾಣೆ ಎಂದುಕೊಂಡಿದ್ದೆ. ತರಗತಿಯಲ್ಲಿ ಮುಸ್ಲಿಂ ಮಕ್ಕಳೂ ಇದ್ದರು. ಅದಕ್ಕೆ ಶತ್ರುವಿಗೆ ಹೆಸರಿಡಲಿಲ್ಲ, ದೇವರು ಧರ್ಮ ಯಾವುದನ್ನೂ ಹಚ್ಚಲಿಲ್ಲ. ನನ್ನ ಮಾತಿನಿಂದ ಯಾವ ಮಗುವೂ ತಲೆ ತಗ್ಗಿಸಬಾರದು — ಹೌದು, ಆ ಸಂಜೆ ನಾನು ಹಾಗೆಯೇ ಯೋಚಿಸಿದ್ದೆ. ಹೊರಗಿನವನನ್ನು ಅಷ್ಟು ಕಾಳಜಿಯಿಂದ ಉಳಿಸಿದವಳು ಒಳಗಿನವನ ಬಗ್ಗೆ ಒಂದು ಗಳಿಗೆಯೂ ಯೋಚಿಸಲಿಲ್ಲ.

ಮೆಹಬೂಬ ಎಂಬ ಹುಡುಗ ಎದ್ದು ನಿಂತ. ಪ್ರಶ್ನೆ ಕೇಳುವುದರಲ್ಲಿ ಅವನದೇ ಮೊದಲ ಕೈ. "ಅಕ್ಕೋರ, ಬಾಗಲಾ ತಗದಾಂವ ಯಾಂವರಿ?"

ನಾನು ಅಂದೆ — "ಅಗಸಿ ಕಾಯಾಂವನ ತಗದಾ."

ಇಡೀ ತರಗತಿ ತಿರುಗಿ ಶಂಕ್ರವ್ವನನ್ನು ನೋಡಿತು. ಅವಳು ಮೊದಲು ನಕ್ಕಳು. ತನ್ನ ಮನೆಯ ಮಾತು ಪಾಠದಲ್ಲಿ ಬಂತೆಂದು ಖುಷಿಯಾಗಿತ್ತೋ ಏನೋ. ಆಮೇಲೆ ಎಲ್ಲರ ಮುಖ ನೋಡಿ ನಗು ನಿಲ್ಲಿಸಿದಳು. ಆ ಕ್ಷಣಕ್ಕೇ ನಾನು ನಕ್ಕು, ಇದು ಬರೀ ಕಥಿ ಐತ್ರೋ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸಾಹೇಬರು ಅಲ್ಲೇ ಕೂತಿದ್ದರು — ಮತ್ತು ಅವರು ಭೇಷ್ ಅಂದರು.

ಮರುದಿನದಿಂದ ಮಕ್ಕಳ ಆಟ ಬದಲಾಯಿತು. ಊರು ಮುತ್ತುವ ಆಟ. ಅಗುಳಿ ತೆಗೆಯುವ ಪಾತ್ರ ಯಾವಾಗಲೂ ಶಂಕ್ರವ್ವನದೇ. ತೆಗೆದ ಮೇಲೆ ಎಲ್ಲರೂ ಸೇರಿ ಅವಳ ಬೆನ್ನಿಗೆ ಗುದ್ದುವುದು. ಆಟ ಬಿಟ್ಟಳು. ಬಿಟ್ಟರೂ ಬಿಡಲಿಲ್ಲ. ಊಟದ ಹೊತ್ತಿಗೆ ಅವಳ ಪಕ್ಕದ ಜಾಗ ಖಾಲಿ ಇರತೊಡಗಿತು. ಯಾರೋ ಕೂಗಿದರು — ಅಗಸಿಮನಿಯವರ ಕೈಯಾಗ ಸಾಲಿ ಕೀಲಿ ಯಾಕ ಕೊಡ್ತೀರಿ ಅಂತ. ನಾನು ಕೂಗಿದವನನ್ನು ಬಯ್ಯಲಿಲ್ಲ. ಜಗಳ ಬೇಡವೆಂದು ಶಂಕ್ರವ್ವನನ್ನು ಕರೆದು, "ನಿನಗ್ಯಾಕ ದಿನಾ ತ್ರಾಸ, ಕೀಲಿ ನನ್ನ ಕಡೆ ಇರಲಿ ಬಿಡು" ಎಂದೆ. ಅವಳು ಕೀಲಿಯನ್ನು ಲಂಗಕ್ಕೆ ಒರೆಸಿ ನನ್ನ ಕೈಯಲ್ಲಿಟ್ಟಳು. ಮಕ್ಕಳು ಹೇಳಿದ್ದು ನಿಜವೆಂದು ಅವತ್ತು ನಾನೇ ಸಹಿ ಹಾಕಿದ ಹಾಗಾಯಿತು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಬರೆಯಲು ಕೈ ಬರುವುದಿಲ್ಲ — ಆದರೂ ಬರೆಯಬೇಕು.

ಒಂದು ಸಂಜೆ ಸಂಗಪ್ಪ ನನ್ನ ಕೋಣೆಯ ಮುಂದೆ ಬಂದು ನಿಂತ. ಒಳಗೆ ಬಾ ಎಂದರೂ ಬರಲಿಲ್ಲ. ರುಮಾಲು ತೆಗೆದು ಬಗಲಲ್ಲಿ ಇಟ್ಟುಕೊಂಡು ಕೇಳಿದ.

"ಅಕ್ಕೋರ, ನಮ್ಮ ಹಿರ್ಯಾರು ಖರೇನ ಹಂಗ ಮಾಡಿದ್ರೇನ್ರಿ? ಪುಸ್ತಕದಾಗ ಐತೇನ್ರಿ?"

ಸಾಹೇಬರಿರಲಿಲ್ಲ. ಮಕ್ಕಳಿರಲಿಲ್ಲ. ಅವನು, ನಾನು, ಮಧ್ಯೆ ಒಂದು ಹೊಸ್ತಿಲು. ಇಲ್ಲ ಸಂಗಪ್ಪಾ ಎಂಬ ಎರಡು ಮಾತು ಸಾಕಿತ್ತು. ಆದರೆ ಅವನು ಅದನ್ನು ಊರ ತುಂಬ ಹೇಳಿದರೆ? ಅಕ್ಕೋರು ಸುಳ್ಳು ಪಾಠ ಮಾಡಿದರಂತೆ ಎಂದು ಸಾಹೇಬರ ಕಿವಿಗೆ ಬಿದ್ದರೆ? — ನಾನು ಅಂದೆ, "ಪುಸ್ತಕದಾಗ ಎಲ್ಲಾ ಬರದಿರಂಗಿಲ್ಲ ಸಂಗಪ್ಪ. ಹಳೇದು ಹೋಗಲಿ ಬಿಡು."

ರುಮಾಲನ್ನು ತಲೆಗೆ ಇಟ್ಟುಕೊಳ್ಳದೆಯೇ ಅವನು, "ಕಲತವರು ನೀವು. ನೀವ ಅಂದ ಮ್ಯಾಲೆ ಮುಗೀತ್ರಿ" ಎಂದು ಹೋದ. ಆ ಎಳ್ಳಮಾವಾಸ್ಯೆಗೂ ರೊಟ್ಟಿ ಬಂತು. ನಾನು ಅದನ್ನೂ ತಿಂದೆ.

ಮರುವರ್ಷ ನಾನೇ ಕೇಳಿಕೊಂಡು ವರ್ಗ ಮಾಡಿಸಿಕೊಂಡೆ. ಶಂಕ್ರವ್ವ ಏಳನೆಯದಕ್ಕೆ ಶಾಲೆ ಬಿಟ್ಟಳೆಂದು ಯಾರೋ ಹೇಳಿದರು. ಆಮೇಲೆ ಎಷ್ಟೋ ಊರು, ಎಷ್ಟೋ ಶಾಲೆ. ಇತಿಹಾಸದ ಪಾಠ ಬಂದಾಗ ಪುಸ್ತಕದಲ್ಲಿದ್ದಷ್ಟೇ ಓದಿಸಿ ಮುಗಿಸುತ್ತಿದ್ದೆ. ಯಾರಿಗೂ ಹೇಳಲಿಲ್ಲ; ಹೇಳಲು ಯಾರನ್ನೂ ಇಟ್ಟುಕೊಳ್ಳಲೂ ಇಲ್ಲ. ಹತ್ತಿರ ಬಂದವರು ಎಲ್ಲಿ ಕೇಳಿಬಿಡುತ್ತಾರೋ ಎಂಬ ಅಂಜಿಕೆ — ಮನುಷ್ಯರಿಂದ ಹೀಗೆ ದೂರ ದೂರ ಸರಿದರೆ ಕೊನೆಗೆ ಎಲ್ಲಿಗೆ ತಲುಪುತ್ತೇವೆ ಎಂದು ಈಗ ಗೊತ್ತಾಗಿದೆ. ಪಕ್ಕದ ಮನೆಯ ಮಗ್ಗದ ಸಪ್ಪಳವೇ ನನಗೆ ಮಾತುಕತೆ. ಅದು ನಿಂತ ದಿನ ಹೊಸ್ತಿಲಿಗೆ ಬಂದು ಕೂರುತ್ತೇನೆ.

ಕಳೆದ ತಿಂಗಳು ಇಳಕಲ್ ಬಸ್ ನಿಲ್ದಾಣದಲ್ಲಿ ಒಬ್ಬ ಬಂದು ಕಾಲು ಮುಟ್ಟಿದ. "ಗುರ್ತ ಸಿಕ್ಕಿಲ್ಲೇನ್ರಿ ಅಕ್ಕೋರ? ನಾ ಮೆಹಬೂಬ ರೀ. ನಮ್ಮೂರ ಸಾಲಿಗೇ ಮಾಸ್ತರ ಆಗೇನಿ. ನೀವು ಹೇಳಿದ ಇತಿಹಾಸ ಹುಡುಗುರಿಗೆ ಪ್ರತಿ ವರ್ಷಾ ಹೇಳ್ತೇನ್ರಿ. ಈ ಸಲ ಸಾಲಿ ವಾರ್ಷಿಕ ಗ್ಯಾದರಿಂಗಿಗೆ ಅದನ್ನ ನಾಟಕಾ ಮಾಡಸಾಕತ್ತೇನಿ." ಅವನ ಮುಖದಲ್ಲಿ ಅಷ್ಟು ಅಭಿಮಾನ. ಒಂದು ದಿನ ಬಂದು ಹುಡುಗರ ಜೊತೆ ಮಾತಾಡುತ್ತೇನೆ ಎಂದಷ್ಟೇ ಹೇಳಿದೆ.

ಹೋದೆ. ಅದೇ ಕೋಣೆ, ಹೊಸ ಮಕ್ಕಳು. ಕರಿಹಲಗೆಯ ಮುಂದೆ ನಿಂತು ಹೇಳಿಬಿಟ್ಟೆ — ಊರನ್ನು ಯಾರೂ ಮುತ್ತಿಲ್ಲ, ಅಗಸಿಯನ್ನು ಯಾರೂ ತೆಗೆದಿಲ್ಲ, ನಾನು ಸುಳ್ಳು ಹೇಳಿದೆ, ತಪ್ಪಾಯಿತು. ಮೆಹಬೂಬ ಕಿಟಕಿಯ ಕಡೆ ತಿರುಗಿದ. ಮುಂದಿನ ಸಾಲಿನ ಹುಡುಗಿಯೊಬ್ಬಳು ನನ್ನ ಮೇಲೆ ಕನಿಕರಪಟ್ಟ ಹಾಗೆ ಹೇಳಿದಳು.

"ಇಲ್ರಿ, ಅದು ಖರೇನ ಐತ್ರಿ. ನಮ್ಮ ಮುತ್ಯಾನೂ ಹೇಳ್ತಾನ. ಬೇಕಾರ ಶಂಕ್ರವ್ವಕ್ಕನ್ನ ಕೇಳ್ರಿ, ಆಕಿನ ಹೌದಂತಾಳ."

ಬಾಗಿಲಲ್ಲಿ ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸುತ್ತ ನಿಂತಿದ್ದಳು. ಗಂಡ ತೀರಿದ ಮೇಲೆ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದು, ಈ ಶಾಲೆಯಲ್ಲೇ ಬಿಸಿಯೂಟ ಮಾಡುತ್ತಾಳಂತೆ — ಮೆಹಬೂಬ ಆಮೇಲೆ ಹೇಳಿದ. ಯಾರೂ ಹೇಳಬೇಕಾಗಿರಲಿಲ್ಲ. ಆ ತಗ್ಗಿಸಿದ ತಲೆ ನೋಡಿದರೆ ನನಗೆ ಗುರುತು ಹತ್ತುತ್ತಿತ್ತು.

ಪಡಸಾಲೆಯಲ್ಲಿ ಇಬ್ಬರೇ ನಿಂತೆವು. "ಖರೇನ ಸುಳ್ಳೇನ್ರಿ ಅಕ್ಕೋರ?" ಎಂದು ಕೇಳಿದಳು. "ನಮ್ಮ ಹಿರ್ಯಾರು ತಗದಿಲ್ಲೇನ್ರಿ?"

"ಇಲ್ಲವ್ವಾ. ಎಲ್ಲಾ ನಾ ಕಟ್ಟಿದ್ದು."

ಅವಳು ಬಯ್ಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ತನಗೇ ಹೇಳಿಕೊಳ್ಳುವ ಹಾಗೆ ಮಾತಾಡಿದಳು.

"ಅವತ್ತ ನಿಮ್ಮ ಕಡೆ ಬಂದು ಹೋದ ಮ್ಯಾಲೆ ಅಪ್ಪ ಅಗಸಿ ದಾಟೂ ಮುಂದ ಕಾಲಾಗಿನ ಚಪ್ಪಲಿ ಕೈಯಾಗ ಹಿಡಕೊಂತಿದ್ದಾ. ಹಿರ್ಯಾರು ತಪ್ಪ ಮಾಡ್ಯಾರವ್ವಾ, ನಾವಾದ್ರೂ ತಲಿ ಬಗ್ಗಿಸಿ ನಡೀಬೇಕು ಅಂತಿದ್ದಾ. ಬ್ಯಾಸಗಿಯೊಳಗ ಕಾಲು ಸುಡತಿದ್ವು, ಆದರೂ ಬಿಡಲಿಲ್ಲ. ಸಾಯೂತನಕಾ ಹಂಗ ಮಾಡಿದಾ. ನನ್ನ ಮಗಳಿಗೂ ನಾ ಅದನ್ನ ಕಲಿಸೇನ್ರಿ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಹಿಂದೆ ಸರಿಯಲಿಲ್ಲ, ಕೈಯನ್ನೂ ಕೊಡಲಿಲ್ಲ.

"ಹುಡುಗುರಿಗೆ ಹೇಳಿದ್ರಿ, ನನಗೂ ಹೇಳಿದ್ರಿ. ಅಪ್ಪಗ ಯಾರು ಹೇಳಬೇಕ್ರಿ?"

ಊಟದ ಗಂಟೆ ಹೊಡೆಯಿತು. ಮಕ್ಕಳು ತಾಟು ಹಿಡಿದು ಸಾಲಾಗಿ ಕೂತರು, ಅವಳು ಬಡಿಸಲು ಹೋದಳು. ನನ್ನನ್ನು ಉಣ್ಣಲು ಅವಳು ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ.

ಮೆಹಬೂಬ ಆ ನಾಟಕ ನಿಲ್ಲಿಸಿದ್ದಾನೆ. ಆದರೆ ಹುಡುಗರು ನಂಬಿಲ್ಲವಂತೆ. ಅಕ್ಕೋರಿಗೆ ವಯಸ್ಸಾಗಿದೆ, ಮರೆವು ಬಂದಿದೆ ಎನ್ನುತ್ತಾರಂತೆ. ಅದಕ್ಕೆ ಬರುವ ಸೋಮವಾರ ಮತ್ತೆ ಹೋಗುತ್ತೇನೆ, ಈ ಸಲ ಊರ ಹಿರಿಯರು ಸೇರುವ ಹೊತ್ತಿಗೆ. ಎಲ್ಲರ ಎದುರು ಹೇಳುತ್ತೇನೆ. ನಂಬದಿದ್ದರೆ ಇನ್ನೊಮ್ಮೆ ಹೋಗುತ್ತೇನೆ. ಎಲ್ಲರೂ ಇರುತ್ತಾರೆ. ಸಂಗಪ್ಪ ಇರುವುದಿಲ್ಲ.