ಹಾರ ಹಿಡಿದು ನಿಂತವರು

ನನ್ನವರು ಮೊದಲು ಹುಮನಾಬಾದ ಕೋರ್ಟಿನಲ್ಲಿ ವಕೀಲರು. ಕಾನ್ವೆಂಟಿನಲ್ಲಿ ಓದಿ ಬಂದ ನನಗೆ ಕರಿಕೋಟಿನ ಗಂಡ ಎಂದರೆ ವೆರಿ ರೆಸ್ಪೆಕ್ಟಬಲ್ ಅನಿಸಿತ್ತು. ಮೋರಖಂಡಿ ಕಡೆಯ ಕೂಲಿಯವನೊಬ್ಬನ ಹೆಂಡತಿ, ಹೊತ್ತಿಗೆ ಡಾಕ್ಟರು ಸಿಗದೆ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವನ ಪರವಾಗಿ ಆಸ್ಪತ್ರೆಯ ಮೇಲಿನ ಕೇಸು ಇವರೇ ನಡೆಸಿದರು, ಸೋತರು. ಇವರನ್ನು ಎಲೆಕ್ಷನ್ನಿಗೆ ನಿಲ್ಲಿಸಿದ್ದು ಆ ಸೋಲೇ ಇರಬೇಕು. ಆರೋಗ್ಯ ಮಂತ್ರಿಯಾದ ಮೇಲೆ ಅವರು ತಂದ ಮೊದಲ ಪಾಲಿಸಿಯೂ ಅದರದ್ದೇ: ಹೆರಿಗೆ ವಾರ್ಡಿನಿಂದ ಡಾಕ್ಟರು ಕದಲಬಾರದು.

ಮಗಳು ಚೊಚ್ಚಲ ಹೆರಿಗೆಗೆಂದು ಬಸವಕಲ್ಯಾಣದ ಮನೆಗೆ ಬಂದಿದ್ದಳು. ಅದೇ ವಾರ ಹುಮನಾಬಾದಿನ ಸಭೆಯಲ್ಲಿ ಇವರು ಮೈಕ್ ಹಿಡಿದು, "ನನ್ನ ಮಗಳ ಹೆರಿಗಿ ಸರ್ಕಾರಿ ದವಾಖಾನಿಯೊಳಗೇ ಆಗ್ತದ್ರಿ!" ಎಂದುಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ.

"ರೀ, ಆಕೀಗೆ ಬಿಪಿ ಅದ. ಹೈದರಾಬಾದಿಗೆ ಕರ್ಕೊಂಡು ಹೋಗೂಣು," ಎಂದೆ ಮನೆಗೆ ಬಂದು.

"ಮಂದಿ ಹೆಣ್ಮಕ್ಕಳಿಗೆ ಬಿಪಿ ಇರಂಗಿಲ್ಲೇನು?" ಕೋರ್ಟಿನ ದನಿ.

ಮಗಳು ನಕ್ಕಳು. "ಮಮ್ಮಿ, ಪಪ್ಪಾನ ಕೂಡ ಆರ್ಗ್ಯುಮೆಂಟ್ ಮಾಡಿ ನೀ ಯಾವತ್ತು ಗೆದ್ದಿ?"

ನೋವು ಬಂತು. ಹೋದದ್ದು ಸರ್ಕಾರಿ ಆಸ್ಪತ್ರೆಗೇ. ಯಾವ ಊರಿನದೆಂದು ಬರೆಯಲಾರೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಒಳ್ಳೆಯವಳು. "ಘಾಬರಿ ಆಗಬ್ಯಾಡ್ರಿ ಅಮ್ಮಾರ, ನಾ ಇಲ್ಲೇ ಇರ್ತೀನಿ," ಎಂದಳು. ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ನಾನು ಉಸಿರು ಬಿಡುವಷ್ಟರಲ್ಲಿ ದೂರದಲ್ಲಿ ಇವರ ಗಾಡಿಯ ಸೈರನ್ ಕೇಳಿತು.

ಬಾಗಿಲಲ್ಲಿ ವಾರ್ಡ್‌ಬಾಯ್‌ನ ತಲೆ ಇಣುಕಿತು. "ಮೇಡಂ, ಸಾಹೇಬ್ರು ಬರಾಕತ್ಯಾರ! ಹಾರ, ಶಾಲು ರೆಡಿ ಅವ, ಜಲ್ದಿ ಬರ್ರಿ!"

ನಮ್ಮ ಕಡೆ ದೊಡ್ಡವರು ಬಂದಾಗ ಗೇಟಿನಲ್ಲಿ ನಿಲ್ಲದಿದ್ದರೆ ಅದು ಅವಮಾನ. ಡಾಕ್ಟರಮ್ಮ ನನ್ನ ಮುಖ ನೋಡಿ, "ಈಗ ಬಂದೆ ಅಮ್ಮಾರ," ಎಂದು ಹೊರಟಳು. ಆರತಿ ತಟ್ಟೆ ಹಿಡಿಯಲು ಸಿಸ್ಟರೂ ಹೋದಳು. ಯಾರಿಗೂ ವಿಚಿತ್ರ ಅನಿಸಲಿಲ್ಲ. ನಾನೂ ಸೆರಗು ಸರಿಮಾಡಿಕೊಂಡೆ.

"ಮಮ್ಮಿ, ಕೆಳಗ ಬಿಸಿ ಬಿಸಿ ಆಗಾಕತ್ತದ," ಎಂದಳು ಮಗಳು. ಅವಳ ತುಟಿ ಬಿಳಿಚಿತ್ತು. ಹೊದಿಕೆ ಎತ್ತಿದೆ. ರಕ್ತ, ಹಾಸಿಗೆಯ ಅಂಚಿನಿಂದ ನೆಲಕ್ಕೆ ಇಳಿಯುತ್ತಿತ್ತು.

ವರಾಂಡಕ್ಕೆ ಓಡಿದೆ. ಪಟಾಕಿಯ ಸದ್ದಿನಲ್ಲಿ ನನ್ನ ಕೂಗು ಯಾರಿಗೂ ಕೇಳಲಿಲ್ಲ. ಇವರ ಕೊರಳ ತುಂಬ ಹಾರ, ಫೋಟೋಕ್ಕೆ ನೂಕುನುಗ್ಗಲು. ಜನರ ನಡುವೆ ನುಗ್ಗಿ ಹಾರ ಹಿಡಿದು ಜಗ್ಗಿದೆ. "ರೀ, ರಕ್ತ!"

ಡಾಕ್ಟರಮ್ಮ ಕೈಯಲ್ಲಿದ್ದ ಶಾಲು ಬಿಸಾಡಿ ಓಡಿದಳು. ಬಾಗಿಲು ಮುಚ್ಚಿಕೊಂಡಿತು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಒಳಗೆ ಓಡಾಟದ ಸದ್ದು, ಯಾರೋ ಬ್ಲಡ್ ತರಲು ಕೂಗಿದ್ದು ಕೇಳಿತು. ನನ್ನ ಬಾಯಿಗೆ ಕಾನ್ವೆಂಟಿನ ಪ್ರೇಯರ್ ಅರ್ಧ ಬಂದು ಮರೆತುಹೋಯಿತು. ಎಂಥ ಸಾಕ್ಷಿಯನ್ನೂ ಬಿಡದೆ ಪ್ರಶ್ನೆ ಕೇಳಿದವರು ಒಂದೂ ಕೇಳದೆ ಬಾಗಿಲನ್ನೇ ನೋಡುತ್ತಿದ್ದರು. "ಆ ಮೋರಖಂಡಿಯಾಂವ ಹಿಂಗೇ ಕುಂತಿದ್ದ," ಎಂದರು.

ಕೊನೆಗೆ ಡಾಕ್ಟರಮ್ಮ ಬಂದಳು. ರಕ್ತ ನಿಂತಿತ್ತು, ಮಗಳು ಉಳಿದಿದ್ದಳು. ಆದರೆ ಡಾಕ್ಟರಮ್ಮ ಇವರಿಗೆ ಕೈ ಮುಗಿದಳು. "ಸಾಹೇಬ್ರ, ನನ್ನ ಸಸ್ಪೆಂಡ್ ಮಾಡಬ್ಯಾಡ್ರಿ."

"ನೀವು ಗೇಟಿಗೆ ಬರದಿದ್ರ ನಾ ಏನು ಅಂದ್ಕೋತಿದ್ದೆ, ನಂಗ ಗೊತ್ತದ ತಾಯಿ," ಎಂದು ಇವರು ಕೊರಳಲ್ಲಿ ಉಳಿದಿದ್ದ ಹಾರ ತೆಗೆದರು.

ಆಸ್ಪತ್ರೆಯಲ್ಲಿ ಸ್ವಾಗತ ಬೇಡವೆಂದು ಆರ್ಡರ್ ಹೊರಟಿತು. ಇವರ ಅಧಿಕಾರ ಇರುವತನಕ ಅದೂ ಇತ್ತು. ಈಗ ಬೇರೆ ಮಂತ್ರಿ. ನಿನ್ನೆ ನಮ್ಮ ಓಣಿಯ ಮುಂದೆ ಅವರ ಗಾಡಿಯ ಸೈರನ್ ಹಾಯ್ದಾಗ ಮೊಮ್ಮಗಳು, "ಅಜ್ಜಿ, ಬಾ ನೋಡೂಣು!" ಎಂದು ಓಡಿದಳು. ನಾನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಯಾವ ವಾರ್ಡಿನಿಂದ ಯಾರು ಎದ್ದು ಗೇಟಿಗೆ ಹೊರಟರೋ.