ಮೂರನೇ ಬೇಸಿನ ಜೋಕಿಮ್ ಕೋಚ್

ಕುವೈತಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಜೋಕಿಮ್ ಸಿಕ್ವೇರಾ ಕಾಲೇಜು ಮೈದಾನದಲ್ಲಿ ಕಬ್ಬಿಣದ ಬಲೆಯೊಂದನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದಾರೆ. ಹಿಂದಿನ ದಿನದ ಗಾಳಿ ಬೇಸ್‌ಬಾಲ್ ಅಂಗಳದ ಮೇಲೆ ಮರಳು ಸುರಿದು ಹೋಗಿದೆ. ನೀರು ಚಿಮುಕಿಸಿ, ನೆಲ ಸಮ ಮಾಡಿ, ಬಿಳಿ ಪುಡಿಯಲ್ಲಿ ಗೆರೆ ಹಾಕುತ್ತಾರೆ. ಮೂರನೇ ಬೇಸಿನ ಪಕ್ಕದ ಚೌಕಕ್ಕೆ ಬಂದಾಗ ಮಾತ್ರ ಕೈ ನಿಧಾನವಾಗುತ್ತದೆ. ಪಂದ್ಯದ ಹೊತ್ತಿನಲ್ಲಿ ಆ ಚೌಕದಲ್ಲಿ ನಿಲ್ಲುವ ಹಕ್ಕು ಈಗ ಅವರಿಗಿಲ್ಲ. ಇವತ್ತಿನ ಅಭ್ಯಾಸ ಪಂದ್ಯ ಸರಿಯಾಗಿ ನಡೆದರೆ ಮರಳಿ ಸಿಗಬಹುದು.

"ಎಂತ ಜೋಕಿಮಣ್ಣ, ಗೆರೆ ಹಾಕುವುದೋ, ರಂಗೋಲಿ ಬಿಡಿಸುವುದೋ?" ಫ್ಲಾಸ್ಕಿನಿಂದ ಸುಲೈಮಾನಿ ಚಹಾ ಬಗ್ಗಿಸುತ್ತ ಕೇಳುತ್ತಾರೆ ಅಬ್ದುಲ್ ನಾಸಿರ್. ಉಳ್ಳಾಲದವರು, ಕಾಲೇಜು ಬಸ್ಸಿನ ಚಾಲಕ.

"ನೀನು ಚಾ ಕೊಡು ಮಾರಾಯ. ಗೆರೆ ವಕ್ರ ಆದರೆ ರಮೋನ್ ಸರ್ ನನ್ನನ್ನೇ ಉದ್ದಕ್ಕೆ ಮಲಗಿಸಿಯಾರು."

ರಮೋನ್ ಎಂದರೆ ತಂಡದ ಮುಖ್ಯ ಕೋಚ್, ಫಿಲಿಪೈನ್ಸಿನವರು. ಜೋಕಿಮ್ ಅವರ ಸಹಾಯಕ. ಪತ್ರಿಕೆಗಳ ಫೋಟೊದಲ್ಲಿ ರಮೋನ್ ಇರುತ್ತಾರೆ, ಹುಡುಗರಿರುತ್ತಾರೆ. ಜೋಕಿಮ್ ಬಹುತೇಕ ಆ ಹೊತ್ತಿಗೆ ಚೆಂಡು ಹೆಕ್ಕುತ್ತಿರುತ್ತಾರೆ.

ಊರು ಕಿನ್ನಿಗೋಳಿ ಬಳಿಯ ನೀರುಡೆ. ಮಂಗಳೂರಿನ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿದವರು. ಕುವೈತಿಗೆ ಬಂದದ್ದು ಸಬ್ಹಾನ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿ. ಶುಕ್ರವಾರಗಳಂದು ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಫಿಲಿಪಿನೊ ಕೆಲಸಗಾರರು ಬೇಸ್‌ಬಾಲ್ ಆಡುತ್ತಿದ್ದರು. ನೋಡಲು ನಿಂತ ಜೋಕಿಮ್ ಕೈಗೆ ಯಾರೋ ಗ್ಲೌಸು ಕೊಟ್ಟರು. ಅಲ್ಲಿ ಆಡುತ್ತಿದ್ದ ರಮೋನ್ ಮುಂದೆ ಕಾಲೇಜಿಗೆ ಸೇರಿದಾಗ ಇವರನ್ನೂ ಕರೆದರು. ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ, ಬಿಟ್ಟುಕೊಡಲು ತಿಂಗಳುಗಟ್ಟಲೆ ಬೇಕಾಯಿತು. ವಾಸದ ಪರವಾನಗಿಯಾದ ಇಕಾಮಾ ಬದಲಾಗುವವರೆಗೆ ನರ್ಸ್ ಆಗಿರುವ ಹೆಂಡತಿ ಡೆಲ್ಮಾ ಅವರ ಸಂಬಳದಲ್ಲೇ ಮನೆ ನಡೆಯಿತು. "ಇಷ್ಟೆಲ್ಲ ಆದರೂ ಚರ್ಚಿನಲ್ಲಿ ಊರಿನವರಿಗೆ ನಾನು ಕ್ರಿಕೆಟ್ ಕೋಚ್. ಸರಿ ಮಾಡಿ ಹೇಳುವುದನ್ನು ಬಿಟ್ಟಿದ್ದೇನೆ" ಎಂದು ನಗುತ್ತಾರೆ.

ಬೇಸ್‌ಬಾಲಿನಲ್ಲಿ ಓಟಗಾರ ಮೂರು ಬೇಸುಗಳನ್ನು ಸುತ್ತಿ ಹೋಮ್ ತಲುಪಿದರೆ ಒಂದು ರನ್. ಚೆಂಡು ಎಲ್ಲೋ ಬೆನ್ನ ಹಿಂದೆ ಇರುತ್ತದೆ. ಓಡಬೇಕೋ, ನಿಲ್ಲಬೇಕೋ ಎಂದು ಹೇಳುವುದು ಮೂರನೇ ಬೇಸಿನ ಬಳಿ ನಿಂತ ಕೋಚ್. ಇಂಗ್ಲಿಷ್, ಅರಬ್ಬಿ, ಹಿಂದಿ ಎಲ್ಲವೂ ಎದುರಾಳಿಗಳಿಗೆ ಗೊತ್ತು. ಅದಕ್ಕೇ ಜೋಕಿಮ್ ಹುಡುಗರಿಗೆ ಎರಡು ಕೊಂಕಣಿ ಪದ ಕಲಿಸಿದರು. 'ಧಾಂವ್' ಅಂದರೆ ಓಡು, 'ರಾವ್' ಅಂದರೆ ನಿಲ್ಲು.

ಕಳೆದ ವರ್ಷದ ಫೈನಲ್. ತಂಡದ ಅತಿ ವೇಗದ ಓಟಗಾರ, ಕುವೈತಿ ಹುಡುಗ ಬದರ್, ಹಿಂದೆ ತಿರುಗಿ ಚೆಂಡನ್ನು ನೋಡುತ್ತಲೇ ಮೂರನೇ ಬೇಸಿಗೆ ಬಂದ. ಜೋಕಿಮ್ 'ರಾವ್' ಎಂದು ಕೂಗಿದರು. ಗದ್ದಲದಲ್ಲಿ ಬದರ್‌ಗೆ ಕೇಳಿಸಿದ್ದು 'ರೂಹ್'. ಅರಬ್ಬಿಯಲ್ಲಿ ಅದರ ಅರ್ಥ 'ಹೋಗು'. ಅವನು ಹೋದ. ಹೋಮ್‌ನಲ್ಲಿ ಕ್ಯಾಚರ್ ಚೆಂಡು ಹಿಡಿದುಕೊಂಡು ಕಾಯುತ್ತಿದ್ದ. ಬದರ್ ಔಟ್, ಪಂದ್ಯ ಖಲಾಸ್. ಮರುದಿನದಿಂದ ಆ ಚೌಕದಲ್ಲಿ ರಮೋನ್ ತಾವೇ ನಿಲ್ಲತೊಡಗಿದರು.

ಬೇರೆ ಪದ ಹುಡುಕಲು ನಾಸಿರ್ ಮುಂದಾದರು. ಬಸ್ಸಿನಲ್ಲಿ ದಿನವಿಡೀ ಅರಬ್ಬಿ ಕೇಳುವವರು. ನಿಲ್ಲು ಎನ್ನಲು ತುಳುವಿನ 'ಉಂತು' ಆದೀತೇ ಎಂದು ಜೋಕಿಮ್ ಕೇಳಿದಾಗ ನಾಸಿರ್ ಬೇಡವೆಂದು ತಲೆಯಾಡಿಸಿದರು.

"ಬೇಡ ಜೋಕಿಮಣ್ಣ. ಇವರ ಭಾಷೆಯಲ್ಲಿ ಇಂತು ಅಂದರೆ ನೀವೆಲ್ಲ ಅಂತ. ಆಮೇಲೆ ಬೆಂಚಿನಲ್ಲಿ ಕೂತವರೂ ಎದ್ದು ಓಡಿಯಾರು."

ಕನ್ನಡದ 'ನಿಲ್ಲು' ಹೇಳಿದ್ದಕ್ಕೆ ಈಜಿಪ್ಟಿನ ಹುಡುಗನೊಬ್ಬ ನಕ್ಕುಬಿಟ್ಟ. ಅವನಿಗೆ ಅದು 'ನೀಲ್', ಅಂದರೆ ನೈಲ್ ನದಿ. "ನಮ್ಮ ನದಿ ಯಾರು ಹೇಳಿದರೂ ನಿಲ್ಲುವುದಿಲ್ಲ ಕೋಚ್" ಎಂದ.

ಕೊನೆಗೆ ದಾರಿ ತೋರಿಸಿದವರು ಡೆಲ್ಮಾ. "ಬಾಯಿ ಯಾಕೆ ಬೇಕು? ರಿಯೋನಾ ಫೋನ್ ಹಿಡಿದರೆ ನಾನು ಕಣ್ಣಲ್ಲೇ ನಿಲ್ಲಿಸುವುದಿಲ್ವಾ? ನಿಮಗೆ ಎರಡು ಕೈ ಉಂಟಲ್ಲ." ಮಗಳು ರಿಯೋನಾ ಪಕ್ಕದಲ್ಲೇ ಕೂತು ಇಂಗ್ಲಿಷಿನಲ್ಲಿ ಗೊಣಗಿದಳಂತೆ.

ಆದರೆ ಕೈ ಕಾಣಬೇಕಾದರೆ ಓಟಗಾರ ಚೆಂಡಿನಿಂದ ಕಣ್ಣು ಕೀಳಬೇಕು. ಬದರ್‌ಗೆ ಅದೇ ಕಷ್ಟ. ಹಾಗಾಗಿ ತರಗತಿಗಳಿಗೆ ಮೊದಲು ಇವರಿಬ್ಬರದ್ದೇ ಅಭ್ಯಾಸ. ಎರಡನೇ ಬೇಸು ದಾಟಿದ ಕೂಡಲೇ ತಲೆ ಎತ್ತುವುದು, ಜೋಕಿಮ್ ಅವರನ್ನು ಮಾತ್ರ ನೋಡುವುದು. ಚಳಿಗಾಲ ಪೂರ್ತಿ ಅದೇ ನಡೆದಿದೆ.

ಈಗ ಬಿಸಿಲು ಬಂದಿದೆ, ಹುಡುಗರೂ ಬಂದಿದ್ದಾರೆ. ಇವತ್ತೊಂದು ದಿನ ಚೌಕ ಜೋಕಿಮ್ ಅವರದು. ರಮೋನ್ ಬೆಂಚಿನ ಬಳಿ ಕೈಕಟ್ಟಿ ನಿಂತಿದ್ದಾರೆ. ಎರಡನೇ ಬೇಸಿನಲ್ಲಿ ಬದರ್. ಹೊಡೆತ ಬೀಳುತ್ತದೆ, ಬದರ್ ಓಟ ಕೀಳುತ್ತಾನೆ, ತಲೆ ಎತ್ತುತ್ತಾನೆ. ಜೋಕಿಮ್ ತುಟಿ ಬಿಗಿಹಿಡಿದು ಎರಡೂ ಅಂಗೈ ಮುಂದೆ ಚಾಚುತ್ತಾರೆ. ಬದರ್‌ನ ಶೂ ಕಿರ್ರೆಂದು ಜಾರುತ್ತದೆ, ಮೈ ಮುಂದೆ ವಾಲುತ್ತದೆ, ಆದರೂ ಮೂರನೇ ಬೇಸಿಗೆ ಮರಳುತ್ತಾನೆ. ಅತ್ತ ಹೋಮ್‌ನಲ್ಲಿ ಚೆಂಡು ಕ್ಯಾಚರನ ಗ್ಲೌಸಿಗೆ ಬಡಿದು ಕೆಳಗೆ ಬೀಳುತ್ತದೆ.

ಓಡಿದ್ದರೆ ರನ್ ಆಗುತ್ತಿತ್ತೋ ಏನೋ. ಜೋಕಿಮ್ ರಮೋನ್ ಕಡೆ ನೋಡುವುದಿಲ್ಲ, ಟೊಪ್ಪಿ ಸರಿಮಾಡಿಕೊಳ್ಳುತ್ತಾರೆ. ಮುಂದಿನ ಹೊಡೆತ ದೂರ ಹೋಗುತ್ತದೆ. ಬದರ್ ಹೆಚ್ಚುಕಡಿಮೆ ನಡೆದುಕೊಂಡೇ ಹೋಮ್ ಸೇರುತ್ತಾನೆ.

ಆಟ ಮುಗಿದ ಮೇಲೆ ರಮೋನ್ ಬ್ಯಾಟುಗಳ ಚೀಲ ಹೆಗಲಿಗೇರಿಸಿಕೊಂಡು ಹೊರಡುತ್ತಾರೆ. ಹಾಗೆ ಹೋಗುತ್ತಲೇ, "ಶುಕ್ರವಾರ ನಾನು ಬೆಂಚಿನಲ್ಲಿ ಕೂರುತ್ತೇನೆ, ಜೋ. ನನಗೆ ಹೇಗೂ ಮೊಣಕಾಲು ನೋವು" ಎನ್ನುತ್ತಾರೆ. ಶುಕ್ರವಾರ ಇರುವುದು ಕಳೆದ ವರ್ಷ ಫೈನಲ್‌ನಲ್ಲಿ ಇವರನ್ನು ಸೋಲಿಸಿದ ಅದೇ ತಂಡದ ಎದುರಿನ ಪಂದ್ಯ.

"ನಾನು ತಲುಪುತ್ತಿದ್ದೆ, ಕೋಚ್" ಎಂದು ಬದರ್ ಮುಖ ಊದಿಸಿಕೊಂಡು ತರಗತಿಗೆ ಹೋಗುತ್ತಾನೆ.

ಜೋಕಿಮ್ ಅವನು ಹೋಗುವುದನ್ನೇ ನೋಡುತ್ತಾರೆ. "ತಲುಪುತ್ತಿದ್ದನೋ ಏನೋ. ಅವನ ಕಾಲು ಅಂಥದ್ದು" ಎನ್ನುತ್ತಾರೆ. "ಆದರೂ ನಿಂತನಲ್ಲ."