ಪೂರ್ವಕ್ಕೆ ಮುಖ ಮಾಡಿದ ಮೇಜು

ನನ್ನ ಗಂಡ ಅಶ್ವತ್ಥ ದೇವರನ್ನು ನಂಬುವುದು ಅಷ್ಟಕ್ಕಷ್ಟೇ. ಹಬ್ಬದ ದಿನ ಮಂಗಳಾರತಿ ತೆಗೆದುಕೊಳ್ಳುತ್ತಾರೆ, ಉಳಿದ ದಿನ ದೇವರ ಗೂಡಿನ ಕಡೆ ತಲೆ ಹಾಕುವುದಿಲ್ಲ. ಇಂಥವರು ಆಫೀಸಿನ ಮೇಜಿನ ವಿಷಯದಲ್ಲಿ ಮಾತ್ರ ಯಾವ ಶಾಸ್ತ್ರಿಗಳಿಗೂ ಕಡಿಮೆಯಿಲ್ಲದಂತೆ ಆದರು.

ಈ ಪರದೇಶದಲ್ಲಿ ನಮ್ಮ ಮನೆ ವುಡಿನ್‌ವಿಲ್ ಎಂಬ ಊರಲ್ಲಿ, ಅವರ ಆಫೀಸು ಹತ್ತಿರದ ನಾರ್ತ್ ಕ್ರೀಕ್‌ನಲ್ಲಿ. ಎರಡು ಸಾವಿರದ ಐದರಲ್ಲಿ ಅವರಿಗೆ ಕಿಟಕಿ ಇರುವ ಕೋಣೆ ಸಿಕ್ಕಿತು. ಸರ್ವೀಸ್ ಆದವರಿಗಷ್ಟೇ ಕೊಡುವ ಮರ್ಯಾದೆ ಅದು. ಮೈಸೂರಿಗೆ ಫೋನ್ ಮಾಡಿ ಹೇಳಿದಾಗ ನಮ್ಮ ಅತ್ತೆ ಅನಸೂಯಮ್ಮ ಸಂತೋಷಪಟ್ಟು, ಕೂಡಲೇ ಕೇಳಿದರು.

"ಯಾವ ಕಡೆ ಮುಖ ಮಾಡಿ ಕೂತ್ಕೋತೀಯೋ?"

"ಉತ್ತರ ಅನ್ಸುತ್ತೆ ಅಮ್ಮ, ಅಷ್ಟೆಲ್ಲಾ ನೋಡಿಲ್ಲ."

"ಪೂರ್ವಕ್ಕೆ ತಿರುಗಿಸ್ಕೋ. ನಿಂತಿರೋ ಕೆಲಸ ಮುಂದಕ್ಕೆ ಹೋಗುತ್ತೆ."

ನಿಂತಿದ್ದ ಕೆಲಸ ಯಾವುದೆಂದು ನಮ್ಮಂಥ ಮನೆಗಳಲ್ಲಿ ಯಾರೂ ಕೇಳಬೇಕಾಗಿಲ್ಲ. ಈ ದೇಶದಲ್ಲಿ ಕಾಯಂ ಆಗಿ ಉಳಿಯಲು ಬೇಕಾದ ಗ್ರೀನ್ ಕಾರ್ಡು. ಇವರು ನಗುತ್ತಲೇ ಹೋಗಿ ಮೇಜು ತಿರುಗಿಸಿದರು. ಮುಂದಿನ ವಾರವೇ ವಕೀಲರ ಫೋನು ಬಂತು: ವರ್ಷಗಟ್ಟಲೆ ಕಾದಿದ್ದ ಮೊದಲ ಹಂತ ದಾಟಿತ್ತು. ನಾನು ಪಾಯಸ ಮಾಡಿದೆ. ಅಂದಿನಿಂದ ಆ ಮೇಜನ್ನು ಯಾರೂ ಮುಟ್ಟುವಂತಿರಲಿಲ್ಲ.

ತೊಂದರೆ ಏನೆಂದರೆ ಕಿಟಕಿ ಇದ್ದದ್ದು ಪಶ್ಚಿಮಕ್ಕೆ. ಈಗ ಅದು ಅವರ ಬೆನ್ನ ಹಿಂದೆ ಬಂದಿತ್ತು. ಮಧ್ಯಾಹ್ನದ ಬೆಳಕೆಲ್ಲ ನೇರ ಆ ದಪ್ಪ ಮಾನಿಟರಿನ ಗಾಜಿಗೆ ಬಡಿಯುತ್ತಿತ್ತು. ಅಕ್ಷರದ ಜೊತೆಗೆ ಆಕಾಶ, ಕಾರುಗಳು, ತಮ್ಮದೇ ತಲೆ, ಎಲ್ಲವೂ ಅದರಲ್ಲಿ ಕಾಣುತ್ತಿದ್ದವಂತೆ. ಕಿಟಕಿಯ ಪರದೆ ಇಳಿಸೋಣವೆಂದರೆ ಅದೇ ಕೋಣೆಯ ಜೊತೆಗಾರ ಚಳಿಗಾಲವಿಡೀ ಮೋಡ ನೋಡಿ ಬೇಸತ್ತವನು, ಬಿಸಿಲು ಕಂಡರೆ ಪ್ರಾಣ ಬಿಡುವವನು. ಅವನಿಗೆ ಬೇಡ ಅನ್ನಲು ಇವರಿಗೆ ಸಂಕೋಚ. ಹಾಗಾಗಿ ದಿನವಿಡೀ ಕಣ್ಣು ಕಿರಿದು ಮಾಡಿಕೊಂಡು, ಕತ್ತು ಮುಂದೆ ಚಾಚಿಕೊಂಡು, ರೆಪ್ಪೆ ಹೊಡೆಯುವುದನ್ನೂ ಮರೆತು ಕೆಲಸ ಮಾಡುತ್ತಿದ್ದರು.

ಸಂಜೆ ಮನೆಗೆ ಬರುವಷ್ಟರಲ್ಲಿ ಕಣ್ಣು ಕೆಂಡವಾಗಿರುತ್ತಿತ್ತು. ಒದ್ದೆ ಬಟ್ಟೆಯನ್ನು ಕಣ್ಣಿನ ಮೇಲೆ ಹಾಕಿಕೊಂಡು ಸೋಫಾದಲ್ಲಿ ಒರಗಿದರೆ ಊಟಕ್ಕೂ ತೆಗೆಯಲು ಮನಸ್ಸಿಲ್ಲ. ಉಷ್ಣ ಇರಬೇಕೆಂದು ಕಾಫಿ ಬಿಟ್ಟರು, ತಲೆಗೆ ಹರಳೆಣ್ಣೆ ಒತ್ತಿಸಿಕೊಂಡರು. ದಿಂಬಿನ ಚೀಲಗಳೆಲ್ಲ ಜಿಡ್ಡಾದವು, ಕಣ್ಣು ಇದ್ದ ಹಾಗೇ ಇತ್ತು. ಒಗೆದು ಒಗೆದು ನನಗೂ ಸಾಕಾಗಿತ್ತು.

ನಮ್ಮ ಮಗಳು ಸಿರಿಗೆ ಆಗ ಏಳು ವರ್ಷ. ಶಾಲೆಯಿಂದ ತಂದದ್ದನ್ನು ಮೊದಲೆಲ್ಲ ಅಪ್ಪನ ಮುಖದ ಮುಂದೆ ಹಿಡಿಯುತ್ತಿದ್ದಳು. "ಹೇಳು ಪುಟ್ಟ, ಕೇಳಿಸ್ಕೋತಾ ಇದೀನಿ" ಎಂದು ಇವರು ಬಟ್ಟೆಯ ಅಡಿಯಿಂದಲೇ ಅನ್ನುತ್ತಿದ್ದರು. ಬರಬರುತ್ತಾ ಅವಳು ತೋರಿಸುವುದನ್ನು ಬಿಟ್ಟು ಹೇಳುವುದನ್ನೇ ಕಲಿತಳು. ಚಿತ್ರದಲ್ಲಿ ಎಷ್ಟು ಮರ, ಯಾವ ಬಣ್ಣದ ನಾಯಿ, ಉದುರಿದ ಹಲ್ಲಿನ ಜಾಗ ಹೇಗಿದೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರವಾಗಿ ಹೇಳುತ್ತಿದ್ದಳು. ಚೆನ್ನಾಗಿಯೇ ಹೇಳುತ್ತಿದ್ದಳು.

ಕೊನೆಗೆ ನಾನೇ ಎಳೆದುಕೊಂಡು ಕಣ್ಣಿನ ಡಾಕ್ಟರ ಬಳಿ ಹೋದೆ. ಆಕೆ ಎಲ್ಲ ಪರೀಕ್ಷೆ ಮಾಡಿ, ಕಣ್ಣಿಗೆ ಕಾಯಿಲೆಯಿಲ್ಲ, ದಣಿವು, ಒಣಗಿದೆ ಎಂದರು. ತೊಟ್ಟು ಹಾಕಿಕೊಳ್ಳಲು ಔಷಧಿ ಕೊಟ್ಟರು. ಆಗಾಗ ರೆಪ್ಪೆ ಹೊಡೆಯಿರಿ, ಕೆಲಸ ನಿಲ್ಲಿಸಿ ದೂರಕ್ಕೆ ನೋಡಿ, ಮಾನಿಟರನ್ನು ಕಣ್ಣಿಗಿಂತ ಸ್ವಲ್ಪ ಕೆಳಗಿಡಿ, ಅಕ್ಷರ ದಪ್ಪ ಮಾಡಿಕೊಳ್ಳಿ ಎಂದರು. ಎಲ್ಲಕ್ಕಿಂತ ಮುಖ್ಯವಾಗಿ, ಕಿಟಕಿ ಪಕ್ಕಕ್ಕೆ ಬರುವ ಹಾಗೆ ಮೇಜು ತಿರುಗಿಸಿ, ಬೆನ್ನಿಗೂ ಬೇಡ ಎದುರಿಗೂ ಬೇಡ ಎಂದರು. ಅಂದರೆ ಮೊದಲಿದ್ದ ಹಾಗೆ, ಉತ್ತರಕ್ಕೆ.

ಇವರು ಉಳಿದದ್ದೆಲ್ಲ ಚಾಚೂ ತಪ್ಪದೆ ಮಾಡಿದರು. ಮೇಜು ಮಾತ್ರ ಅಲುಗಲಿಲ್ಲ.

"ರೀ, ನೀವು ಓದಿದೋರು ತಾನೇ?"

"ಓದಿದೀನಿ. ಕಾರ್ಡ್ ಬಂದ ಮೇಲೆ ತಿರುಗಿಸ್ತೀನಿ. ಈಗ ತಿರುಗಿಸಿ ಏನಾದ್ರೂ ಎಡವಟ್ಟಾದ್ರೆ? ಕೆಲಸ ಹೋದ್ರೆ ಮೂರೂ ಜನ ಗಂಟುಮೂಟೆ ಕಟ್ಟಬೇಕಾಗುತ್ತೆ, ರುಕ್ಮಿಣಿ."

ಭಯ ನನಗೂ ಇತ್ತು.

ಮರು ವರ್ಷ ಏಪ್ರಿಲ್‌ನಲ್ಲಿ ಸಿರಿಯ ಶಾಲೆಯಲ್ಲಿ ಒಂದು ಸಂಜೆ ಮಕ್ಕಳ ಹಾಡಿನ ಕಾರ್ಯಕ್ರಮವಿತ್ತು. ಸಂಜೆ ಹೊತ್ತು ಕಾರು ನಡೆಸುವುದು ನಾನೇ. ಬಾಗಿಲಲ್ಲಿ ಅವಳ ಟೀಚರು ಇವರ ಮೊಣಕೈ ಹಿಡಿದು, ಇಲ್ಲಿ ಮೆಟ್ಟಿಲಿದೆ ಎಂದು ಮೆಲ್ಲಗೆ ಹೇಳುತ್ತಾ ಮುಂದಿನ ಸಾಲಿಗೆ ಕರೆದೊಯ್ದರು. ಇದು ಇಲ್ಲಿಯ ಉಪಚಾರವಿರಬೇಕೆಂದು ಇವರು ಸುಮ್ಮನೆ ನಡೆದರು. ಕೂರಿಸಿದ ಮೇಲೆ ಆಕೆ ಪಕ್ಕದಲ್ಲೇ ಕೂತು, ವೇದಿಕೆಯ ಮೇಲೆ ನಡೆಯುವುದನ್ನೆಲ್ಲ ತಾನು ಹೇಳುತ್ತೇನೆ, ಅಪ್ಪನಿಗೆ ಸಂಜೆ ಕಣ್ಣು ಕಾಣುವುದಿಲ್ಲ, ನೀವೇ ಹೇಳಿ ಎಂದು ಸಿರಿ ಕೇಳಿಕೊಂಡಿದ್ದಾಳೆ ಎಂದರು.

ನಿಜ ಹೇಳಿದರೆ ಆಕೆಗೆ ಮುಜುಗರವಾಗುತ್ತದೆ. ಇವರೋ ಸಂಕೋಚದ ಮುದ್ದೆ. ಬಾಯಿ ಬಿಡಲಿಲ್ಲ. ಹಳದಿ ಅಂಗಿ ಹಾಕಿಕೊಂಡ ಮಗಳು ಕಣ್ಣೆದುರಿಗೇ ನಿಂತಿರುವಾಗ, ಅವಳು ಹಳದಿ ಅಂಗಿ ಹಾಕಿದ್ದಾಳೆ ಎಂದು ಬೇರೆಯವರು ಕಿವಿಯಲ್ಲಿ ಹೇಳುವುದನ್ನು ಕೇಳುತ್ತಾ ಕೊನೆಯವರೆಗೂ ಕೂತರು. ಹಾಡು ಮುಗಿದಾಗ ಸಿರಿ ನನಗೆ ಕೈ ಬೀಸಿದಳು. ಅಪ್ಪನ ಕಡೆ ನೋಡಲೇ ಇಲ್ಲ, ನೋಡಿ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು.

ಸೋಮವಾರ ಅವರು ಆಫೀಸಿಗೆ ಹೋದವರೇ ಮೇಜನ್ನು ಉತ್ತರಕ್ಕೆ ತಿರುಗಿಸಿದರು. ಜೊತೆಗಾರ ಎದ್ದು ಬಂದು ಒಂದು ತುದಿ ಹಿಡಿದನಂತೆ. ಅತ್ತೆಗೆ ನಾವು ಹೇಳಲಿಲ್ಲ. ಕಾರ್ಡಿನ ಸುದ್ದಿ ಮಾತ್ರ ಬರಲಿಲ್ಲ. ಪ್ರತಿ ಸಲ ವಕೀಲರ ಫೋನು ಬಂದಾಗ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು.

ಕಣ್ಣುರಿ ನಿಧಾನಕ್ಕೆ ಇಳಿಯಿತು. ಬೇಸಿಗೆಯ ಹೊತ್ತಿಗೆ ಒದ್ದೆ ಬಟ್ಟೆ ಬಚ್ಚಲುಮನೆಯಲ್ಲೇ ಉಳಿಯಿತು. ಅಂಥ ಒಂದು ಸಂಜೆ ಅವರು ಸೋಫಾದಲ್ಲಿ ಕೂತಿದ್ದರು, ನಾನು ಪಕ್ಕದಲ್ಲಿ ಬೀನ್ಸ್ ಬಿಡಿಸುತ್ತಿದ್ದೆ. ಸಿರಿ ಒಂದು ಚಿತ್ರವನ್ನು ಎದೆಗವಚಿಕೊಂಡು ಬಂದು ಎಂದಿನಂತೆ ಶುರು ಮಾಡಿದಳು.

"ಇಟ್ಸ್ ಎ ಫೆರಿ ಬೋಟ್, ಅಪ್ಪ. ವೈಟ್ ಅಂಡ್ ಗ್ರೀನ್. ದೇರ್ ಆರ್ ಕಾರ್ಸ್..."

ಹೇಳುತ್ತಾ ಹೇಳುತ್ತಾ ತಲೆಯೆತ್ತಿದಳು. ಅವರು ಅವಳನ್ನೇ ನೋಡುತ್ತಿದ್ದರು. ಅವಳ ಮಾತು ನಿಂತುಹೋಯಿತು. ಹೊಸಬರ ಎದುರು ನಾಚುವ ಹಾಗೆ ನಾಚಿ, ನನ್ನ ಬೆನ್ನ ಹಿಂದೆ ಸರಿದಳು.

"ಬಾ ಪುಟ್ಟ, ತೋರಿಸು. ಅಪ್ಪಂಗೆ ಕಾಣ್ಸುತ್ತೆ" ಎಂದರು ಅವರು.

ಅವಳು ಅಲ್ಲಿಂದಲೇ ಹೇಳಿದಳು:

"ಕ್ಲೋಸ್ ಯುವರ್ ಐಸ್ ಫಸ್ಟ್."

ಅವರು ಮುಚ್ಚಿಕೊಂಡರು.